ಅಂಕೋಲಾ ಕಡೆ ಹಳೇ ಮನೆ ಕೊಳ್ಳುವ ಮುಂಚೆ ಕಟ್ಟಡ ತಪಾಸಣೆ ಮಾಡಿಸಿದ ಅನುಭವ

ನಮ್ಮ ಮನೆಯ ಖರೀದಿ ಪತ್ರ ಹೋದ ತಿಂಗಳು ರಿಜಿಸ್ಟರ್ ಆಯಿತು. ಮನೆ ಇರುವುದು ಅಂಕೋಲಾ ತಾಲ್ಲೂಕಿನಲ್ಲಿ, ಗಂಗಾವಳಿ ನದಿ ಸಮುದ್ರ ಸೇರುವ ಕಡೆ. ನಾವು ಇರುವುದು ಧಾರವಾಡದಲ್ಲಿ. ಕೊಳ್ಳುವ ಮುಂಚೆ ಆ ಹಳೇ ಮನೆಯನ್ನು ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಕೈಲಿ ಬುಡದಿಂದ ಹಂಚಿನ ತನಕ ತಪಾಸಣೆ ಮಾಡಿಸಿದೆವು. ಯಾರನ್ನು ಕೇಳಬೇಕು, ಏನೇನು ಪರೀಕ್ಷೆ ಮಾಡುತ್ತಾರೆ, ಎಷ್ಟು ಖರ್ಚು, ಯಾವ ಕಾಗದ ಬೇಕು, ಇದನ್ನೆಲ್ಲ ಒಂದೇ ಕಡೆ ಹೇಳುವವರು ನಮಗೆ ಸಿಗಲಿಲ್ಲ. ನಮ್ಮ ಓಣಿಯಲ್ಲೇ ಇನ್ನಿಬ್ಬರು ಕುಮಟಾ, ಹೊನ್ನಾವರ ಕಡೆ ಮನೆ ಹುಡುಕುತ್ತಿದ್ದಾರೆ. ಸಂಜೆ ಸಿಕ್ಕಾಗಲೆಲ್ಲ ಅದೇ ಪ್ರಶ್ನೆ. ಅದಕ್ಕೇ ಬರೆದಿಡುತ್ತಿದ್ದೇನೆ.

ನಮ್ಮ ಮನೆಯವರು ರೈಲ್ವೆಯಿಂದ ನಿವೃತ್ತರಾದವರು. ನಾನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಇನ್ನು ಸ್ವಲ್ಪ ವರ್ಷ ಇದೆ. ಅವರಿಗೆ ಮೊದಲಿಂದಲೂ ಕಡಲಿನ ಹುಚ್ಚು. ಧಾರವಾಡದ ಸೋಮೇಶ್ವರದ ಹತ್ತಿರ ಹುಟ್ಟುವ ಶಾಲ್ಮಲೆ ಮುಂದೆ ಬೇಡ್ತಿಗೆ ಸೇರುತ್ತದೆ. ಆ ಬೇಡ್ತಿಯೇ ಘಟ್ಟ ಇಳಿದು ಗಂಗಾವಳಿ ಆಗುತ್ತದೆ. "ನಮ್ಮೂರಿನ ನೀರು ಹೋಗಿ ಮುಟ್ಟೋ ಜಾಗಾ, ನಾವೂ ಹೋಗೋಣು" ಅಂತ ಅವರು ತಮಾಷೆ ಮಾಡುತ್ತಿದ್ದರು. ಏಪ್ರಿಲ್‌ನಲ್ಲಿ ಈ ಮನೆ ನೋಡಿದ ಮೇಲೆ ತಮಾಷೆ ನಿಜವಾಗಿ ಕುಳಿತಿತು.

ಮನೆ ಎರಡು ಭಾಗ. ಹಿಂದಿನದು ಚಿರೆಕಲ್ಲಿನ ಗೋಡೆ, ಮಂಗಳೂರು ಹಂಚಿನ ಹಳೇ ಮನೆ. ಮುಂದಿನದು 1996ರಲ್ಲಿ ಸೇರಿಸಿದ ಆರ್‌ಸಿಸಿ ಭಾಗ, ಅಂದರೆ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟಿನದು: ಅಗಲವಾದ ಸಿಟೌಟ್ (ತೆರೆದ ಜಗಲಿ), ಅದರ ಮೇಲೆ ಒಂದು ರೂಮು, ಬಾತ್‌ರೂಮು. ಸಿಟೌಟ್‌ನಲ್ಲಿ ಕುಳಿತರೆ ಗಾಳಿ ಮರಗಳ ನಡುವೆ ಸಮುದ್ರ ಕಾಣುತ್ತದೆ. ಇಡೀ ಮನೆಗೆ ಹೊಸ ಬಣ್ಣ. ಮೇಲೆ ಪಿವಿಸಿ ಸೀಲಿಂಗ್. ಕೇಳಿದ ಬೆಲೆ 58 ಲಕ್ಷ. ನೋಡಿದವರಿಗೆಲ್ಲ ಮುಂದಿನ ಭಾಗವೇ ಇಷ್ಟವಾಗುತ್ತಿತ್ತು, ಹಿಂದಿನ ಹಳೇ ಭಾಗ ಕೆಡವಬೇಕಾಗಬಹುದು ಅಂತ ಎಲ್ಲರ ಮಾತು.

ತಪಾಸಣೆ ಮಾಡಿಸೋಣ ಅಂದಾಗ ನಮ್ಮ ಕಾಕಾ ನಕ್ಕುಬಿಟ್ಟರು. "ಕಣ್ಣಿಗೆ ಕಾಣಸ್ತದಲ್ಲ, ಗಟ್ಟಿ ಐತಿ. ಅದಕ್ಯಾಕ ರೊಕ್ಕಾ ಸುರೀತೀರಿ?" ಅಂದರು. ನಾನು ಬಿಡಲಿಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನ ಸತ್ತಿದ್ದು ಈ ಊರಿನವರು ಯಾರೂ ಮರೆತಿಲ್ಲ. ಹಿಂದಿನ ದಿನದ ತನಕ ಅದೂ ಕಣ್ಣಿಗೆ ಗಟ್ಟಿಯಾಗಿಯೇ ಕಾಣುತ್ತಿತ್ತು. 2024ರ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಕುಸಿದು ಲಾರಿ ನದಿಗೆ ಬಿದ್ದ ಸುದ್ದಿ ಬೇರೆ ಆಗಿನ್ನೂ ಹಸಿಯಾಗಿತ್ತು. ಎರಡೂ ಮಾತು ಎತ್ತಿದ ಮೇಲೆ ಕಾಕಾ ಸುಮ್ಮನಾದರು.

ಎಂಜಿನಿಯರ್ ಹುಡುಕುವುದೇ ಮೊದಲ ತಲೆನೋವು. ಏಜೆಂಟ್ ಹೇಳಿದರು, "ಬ್ಯಾಂಕಿನವರು ಹೆಂಗೂ ವ್ಯಾಲ್ಯುಯೇಶನ್ ಮಾಡಿಸ್ತಾರಲ್ಲ, ಅದೇ ಸಾಕು." ಅದು ಸಾಕಾಗುವುದಿಲ್ಲ. ಬ್ಯಾಂಕಿನ ವ್ಯಾಲ್ಯುವರ್ ನೋಡುವುದು ಮನೆ ಮಾರಿದರೆ ಎಷ್ಟು ಬರುತ್ತದೆ ಅಂತ. ಟೇಪು ಹಿಡಿದು ಅಳತೆ, ನಾಲ್ಕು ಫೋಟೋ, ಕಾಗದ ಹೊಂದಾಣಿಕೆ, ಮುಗಿಯಿತು. ಸ್ಲ್ಯಾಬಿನೊಳಗೆ ಸರಳು ಹೇಗಿದೆ ಅನ್ನೋದು ಅವರ ಕೆಲಸ ಅಲ್ಲ. ಮಾರುವವರ ಕಡೆಯ ಕಂಟ್ರಾಕ್ಟರ್ ಒಬ್ಬರು "ನಾನೇ ಸರ್ಟಿಫಿಕೇಟ್ ಮಾಡಿಸಿಕೊಡ್ತೇನೆ" ಅಂದರು. ಅದನ್ನು ಅಲ್ಲೇ ಬಿಟ್ಟೆವು. ಕೊನೆಗೆ ನನ್ನ ಸಹೋದ್ಯೋಗಿಯೊಬ್ಬರು ಹುಬ್ಬಳ್ಳಿಯ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ನಂಬರ್ ಕೊಟ್ಟರು. ಕರಾವಳಿಯಲ್ಲಿ ಶಾಲೆ ಕಟ್ಟಡ, ಗೋದಾಮು ಅಂತ ಹಳೇ ಕಟ್ಟಡಗಳ ದುರಸ್ತಿ ಮಾಡಿಸಿದ ಅನುಭವ ಅವರಿಗಿತ್ತು.

ಇಲ್ಲಿ ಒಂದು ಮಾತು. ಎಂಜಿನಿಯರ್ ಜೊತೆ ಬಾಯಿಮಾತಿನಲ್ಲಿ ಮುಗಿಸಬೇಡಿ. ಯಾವ ಯಾವ ಭಾಗ ನೋಡುತ್ತಾರೆ, ಯಾವ ಪರೀಕ್ಷೆ, ಎಷ್ಟು ಜಾಗದಲ್ಲಿ, ಗೋಡೆ ಒಡೆದರೆ ಮುಚ್ಚುವವರು ಯಾರು, ವರದಿ ಯಾವಾಗ, ವರದಿ ಕೊಟ್ಟ ಮೇಲೆ ಕುಳಿತು ವಿವರಿಸುತ್ತಾರಾ, ಎಲ್ಲ ಒಂದು ಪತ್ರದಲ್ಲಿ ಬರಲಿ. ಹೇಳಿದ ಮೊತ್ತದಲ್ಲಿ 18% ಜಿಎಸ್‌ಟಿ ಸೇರಿದೆಯೋ ಇಲ್ಲವೋ ಕೇಳಿ. ನಮಗೆ ಬಂದ ಮೂರು ಕೊಟೇಶನ್‌ಗಳಲ್ಲಿ ಒಂದರಲ್ಲಿ "ಸಂಪೂರ್ಣ ತಪಾಸಣೆ" ಅಂತ ಎರಡೇ ಪದ ಇತ್ತು. ಅದೇ ಎಲ್ಲಕ್ಕಿಂತ ಅಗ್ಗ.

ನಾವು ಒಪ್ಪಿದ ಎಂಜಿನಿಯರ್ ಫೋಟೋ ನೋಡಿ ಮೊದಲು ಹೇಳಿದ್ದೇ ಇದು: "ಮೇಡಂ, ಇದು ಮಾರೋ ಮುಂದ ಹಚ್ಚಿದ ಬಣ್ಣ. ಈಗ ಹೋದ್ರ ಬಣ್ಣ ನೋಡಿ ಬರ್ತೇವಿ. ಮಳಿ ಬೀಳ್ಲಿ, ಒಮ್ಮೆ ನೋಡೋಣು. ಟೆಸ್ಟ್ ಮಾತ್ರ ಮಳಿ ನಿಂತ ಮ್ಯಾಲ."

ಅಂದರೆ ಆರು ತಿಂಗಳು ಕಾಯಬೇಕು. ಕಾರಣ ಕೇಳಿದಾಗ ಸರಿ ಅನ್ನಿಸಿತು. ಧಾರವಾಡದಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 800 ಮಿಲಿಮೀಟರ್ ಮಳೆ. ಅಂಕೋಲಾ ಕಡೆ 3000 ದಾಟುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಸೋರಿಕೆ ಕಾಣುವುದು ಆಗ ಮಾತ್ರ. ಆದರೆ ನೆನೆದ ಕಾಂಕ್ರೀಟ್ ಮೇಲೆ ಕೆಲವು ಪರೀಕ್ಷೆ ತಪ್ಪು ಓದು ಕೊಡುತ್ತವೆ. ಕಾಂಕ್ರೀಟಿನ ಗಟ್ಟಿತನ ನೋಡುವ ರಿಬೌಂಡ್ ಹ್ಯಾಮರ್ ಹಸಿ ಮೈ ಮೇಲೆ ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಅದಕ್ಕೆ ಮಳೆಯಲ್ಲಿ ಒಮ್ಮೆ ಕಣ್ಣಿನಲ್ಲಿ ನೋಡುವುದು, ಒಣಗಿದ ಮೇಲೆ ಯಂತ್ರ ಹಿಡಿದು ನೋಡುವುದು.

ಇದು ಮಾರುವವರಿಗೆ ಇಷ್ಟವಾಗಲಿಲ್ಲ. ಅಣ್ಣತಮ್ಮಂದಿರು, ಇಬ್ಬರೂ ಮುಂಬೈಯಲ್ಲಿದ್ದಾರೆ. ಗೋವಾದ ಪಾರ್ಟಿ ಒಂದು ರೆಡಿ ಇದೆ, ಈ ವಾರ ಸಂಚಕಾರ ಕೊಡದಿದ್ದರೆ ಅವರಿಗೆ ಕೊಡ್ತೇವೆ ಅಂತ ಏಜೆಂಟ್ ಕೈಲಿ ಹೇಳಿಸಿದರು. ಕೇಳಿದ್ದು ಐದು ಲಕ್ಷ. ಆ ರಾತ್ರಿ ನಮ್ಮ ಮನೆಯಲ್ಲಿ ಸರಿಯಾಗಿ ಊಟ ಆಗಲಿಲ್ಲ. ಮನೆಯವರಿಗೆ ಕೈ ತಪ್ಪೀತು ಅನ್ನೋ ಭಯ. ನನಗೆ ಕೊಟ್ಟ ದುಡ್ಡು ವಾಪಸ್ ಬಾರದು ಅನ್ನೋ ಭಯ. ವಕೀಲರನ್ನು ಕೇಳಿದೆವು. ಅವರು ಒಂದು ನಡುದಾರಿ ಹೇಳಿದರು. ಐವತ್ತು ಸಾವಿರ ಮಾತ್ರ, ಅದೂ ಬ್ಯಾಂಕ್ ಮೂಲಕ, ಜೊತೆಗೆ ಇಬ್ಬರು ಅಣ್ಣತಮ್ಮಂದಿರ ಸಹಿ ಇರುವ ಒಂದು ಪತ್ರ. ಅದರಲ್ಲಿ ಮೂರು ಸಾಲು: ಕಟ್ಟಡ ತಪಾಸಣೆಗೆ ಅನುಮತಿ ಇದೆ, ಸಣ್ಣ ರಂಧ್ರ ಕೊರೆಯಲು ಒಪ್ಪಿಗೆ ಇದೆ, ವರದಿ ಅಥವಾ ಕಾಗದದಲ್ಲಿ ದೋಷ ಕಂಡರೆ ದುಡ್ಡು ಪೂರ್ತಿ ವಾಪಸ್. ಬೈದುಕೊಂಡೇ ಸಹಿ ಹಾಕಿದರು. ಗೋವಾದ ಪಾರ್ಟಿ ಮತ್ತೆ ಸುದ್ದಿಗೆ ಬರಲೇ ಇಲ್ಲ. ಇದ್ದರೋ ಇಲ್ಲವೋ ದೇವರಿಗೇ ಗೊತ್ತು.

ಒಂದು ಕೆಲಸ ಮಾತ್ರ ಮೇ ತಿಂಗಳಲ್ಲೇ ಮುಗಿಸಿ ಅಂತ ಎಂಜಿನಿಯರ್ ಒತ್ತಿ ಹೇಳಿದ್ದರು: ಬಾವಿ ನೀರಿನ ಪರೀಕ್ಷೆ. ಕಡಲ ಹತ್ತಿರದ ಬಾವಿಗೆ ಬೇಸಿಗೆಯ ಕೊನೆಗೆ ಉಪ್ಪು ಏರುತ್ತದೆ, ಮಳೆ ಬಿದ್ದ ಮೇಲೆ ಇಳಿಯುತ್ತದೆ. ಅಕ್ಟೋಬರ್‌ನಲ್ಲಿ ಪರೀಕ್ಷೆ ಮಾಡಿಸಿದರೆ ಎಲ್ಲ ಬಾವಿಯೂ ಸಿಹಿಯೇ. ನಮ್ಮ ಬಾವಿಯ ಕ್ಲೋರೈಡ್ ಮೇ ಕೊನೆಯಲ್ಲಿ ಲೀಟರ್‌ಗೆ 900 ಮಿಲಿಗ್ರಾಂ ಹತ್ತಿರ ಬಂತು. ಕುಡಿಯುವ ನೀರಿಗೆ 250 ಇದ್ದರೆ ಒಳ್ಳೆಯದು, ಬೇರೆ ದಾರಿಯೇ ಇಲ್ಲದಿದ್ದರೆ 1000ದ ತನಕ ನಡೆಯುತ್ತದೆ ಅನ್ನುತ್ತದೆ ನಮ್ಮ ದೇಶದ ಮಾನದಂಡ. ಮಳೆ ಕಳೆದ ಮೇಲೆ ಅದೇ ಬಾವಿ 120. ಈ 900 ಅನ್ನೋ ಸಂಖ್ಯೆ ಮುಂದೆ ಇನ್ನೊಂದು ಕಡೆ ಕೆಲಸಕ್ಕೆ ಬಂತು.

ಜುಲೈನಲ್ಲಿ ಹೊರಟೆವು. ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಎದುರಿನ ಲಾರಿಯ ದೀಪ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಮಳೆಗಾಲದಲ್ಲಿ ಹೋಗುವವರು ರಾತ್ರಿ ಪ್ರಯಾಣ ಇಟ್ಟುಕೊಳ್ಳಬೇಡಿ. ಅಂಕೋಲಾ ದಾಟಿದ ಮೇಲೆ ಶಿರೂರು ಸಿಗುತ್ತದೆ. 2024ರ ಜುಲೈ 16ರಂದು ಗುಡ್ಡ ಕುಸಿದ ಜಾಗ. ಎಂಜಿನಿಯರ್ ಅಲ್ಲಿ ಕಾರಿನ ಗಾಜು ಇಳಿಸಿ ಮಾತಿಲ್ಲದೆ ನೋಡಿದರು. ಮನೆ ಮುಟ್ಟಿದ ಮೇಲೆ ಅವರು ಮೊದಲು ಹೋಗಿದ್ದು ಹಿತ್ತಲಿಗೆ. ಹಿಂದೆ ಗುಡ್ಡ ಕಡಿದಿದ್ದಾರಾ, ನೀರು ಹರಿಯಲು ಚರಂಡಿ ಇದೆಯಾ ಅಂತ. ಅದೃಷ್ಟ, ಹಿಂದೆ ಸಪಾಟು ತೆಂಗಿನ ತೋಟ.

ಆಮೇಲೆ ಪಕ್ಕದ ಮನೆಗೆ. 2019ರ ಆಗಸ್ಟ್‌ನಲ್ಲಿ ಗಂಗಾವಳಿಗೆ ನೆರೆ ಬಂದಾಗ ನೀರು ಎಲ್ಲಿತನಕ ಬಂದಿತ್ತು ಅಂತ ಕೇಳಿದರು. ಅಲ್ಲಿದ್ದ ಅಜ್ಜಿ ತಮ್ಮ ಕಂಪೌಂಡಿನ ಮೇಲೆ ಮಸುಕಾದ ಒಂದು ಗೆರೆ ತೋರಿಸಿದರು. ಅಲ್ಲಿಂದ ಮಟ್ಟ ಹಿಡಿದು ನೋಡಿದರೆ ನಮ್ಮ ಮನೆಯ ಜಗಲಿಗೆ ಒಂದು ಗೇಣು ಕೆಳಗೆ. ಇಂಥ ಮಾಹಿತಿ ಯಾವ ಕಚೇರಿಯಲ್ಲೂ ಸಿಗುವುದಿಲ್ಲ. ಮನೆ ನೋಡಲು ಹೋದಾಗ ಅಕ್ಕಪಕ್ಕದವರ ಹತ್ತಿರ ಒಂದು ತಾಸು ಕೂತು ಮಾತಾಡಿ, ಚಹಾ ಕೊಟ್ಟರೆ ಬೇಡ ಅನ್ನಬೇಡಿ.

ಒಳಗೆ ಹೋದರೆ ನಮ್ಮ ಲೆಕ್ಕವೆಲ್ಲ ಉಲ್ಟಾ. ಹಳೇ ಹಂಚಿನ ಮನೆಯಲ್ಲಿ ಎರಡೇ ಕಡೆ ಹನಿ ಬೀಳುತ್ತಿತ್ತು. ಹೊಸ ಭಾಗದಲ್ಲಿ ಪಿವಿಸಿ ಸೀಲಿಂಗಿನ ಸಂದಿನಿಂದ ನೀರು ಜಿನುಗಿ ಗೋಡೆ ಉದ್ದಕ್ಕೂ ಕಂದು ಗೆರೆ ಮೂಡಿತ್ತು. ಏಪ್ರಿಲ್‌ನ ಬಣ್ಣ ಅಲ್ಲಲ್ಲಿ ಉಬ್ಬಿತ್ತು. ಮನೆ ನೋಡಿಕೊಳ್ಳುವ ಹಿರಿಯರು "ಹಂಗೆಲ್ಲ ಎಂತದೂ ಆಗೂದಿಲ್ರಾ, ಮಳೆಗಾಲ ಅಲ್ವಾ" ಅಂದರು. ಎಂಜಿನಿಯರ್ ಕಂದು ಗೆರೆಗೆ ಬೆರಳು ಹಚ್ಚಿ, ಬೆರಳನ್ನು ನನಗೆ ತೋರಿಸಿದರು. ತುಕ್ಕಿನ ಬಣ್ಣ.

ಪರೀಕ್ಷೆ ಆಗಿದ್ದು ದೀಪಾವಳಿ ಕಳೆದ ಮೇಲೆ. ಲ್ಯಾಬಿನ ಇಬ್ಬರು ಹುಡುಗರು, ಒಂದು ಏಣಿ, ಅಲ್ಲಿಯವರೇ ಒಬ್ಬ ಗೌಂಡಿ. ಗೌಂಡಿಯನ್ನು ಸ್ಥಳೀಯರನ್ನೇ ಕರೆಸಿ ಅಂತ ಎಂಜಿನಿಯರ್ ಹೇಳಿದ್ದಕ್ಕೆ ದೊಡ್ಡ ಲಾಭ ಆಯಿತು. 1996ರಲ್ಲಿ ಈ ಸ್ಲ್ಯಾಬ್ ಹಾಕುವಾಗ ಆತ ಹುಡುಗನಾಗಿ ಬುಟ್ಟಿ ಹೊತ್ತಿದ್ದನಂತೆ. "ಉಸುಕು ಅಳಿವೆಯಿಂದ ತಂದದ್ದು. ನೀರು ಇದೇ ಬಾವೀದು, ಏಪ್ರಿಲ್-ಮೇ ತಿಂಗಳು" ಅಂದ. ಎಂಜಿನಿಯರ್ ನನ್ನ ಕಡೆ ತಿರುಗಿ ನೋಡಿದರು. ಕಾಂಕ್ರೀಟ್ ಕಲಸುವ ನೀರಿನಲ್ಲಿ ಸರಳು ಇರುವ ಕೆಲಸಕ್ಕೆ ಕ್ಲೋರೈಡ್ ಲೀಟರ್‌ಗೆ 500 ಮಿಲಿಗ್ರಾಂ ದಾಟಬಾರದು ಅನ್ನುತ್ತದೆ ಐಎಸ್ 456, ಅಂದರೆ ಕಾಂಕ್ರೀಟ್ ಕೆಲಸಕ್ಕೆ ನಮ್ಮ ದೇಶದ ಮಾನದಂಡ. ನಮ್ಮ ಬಾವಿಯ ಮೇ ತಿಂಗಳ ಲೆಕ್ಕ ಅವರ ಫೈಲಿನಲ್ಲಿತ್ತು. ಅಂದರೆ ಗಾಳಿಯ ಉಪ್ಪು ಹೊರಗಿಂದ ಒಳಗೆ ಹೋಗುವ ಮೊದಲೇ ಉಸುಕು, ನೀರಿನ ಜೊತೆ ಸರಳಿಗೆ ತುಕ್ಕು ಹಿಡಿಸುವ ಉಪ್ಪು ಒಳಗೇ ಕೂತಿರಬಹುದು.

ಆದರೆ ಆ ದಿನ ಕೆಲಸ ಶುರುವಾಗುವ ಮೊದಲೇ ನಿಂತಿತು. ಸೀಲಿಂಗ್ ಬಿಚ್ಚಲು ಹೋದಾಗ ಹಿರಿಯರು ಮುಂಬೈಗೆ ಫೋನ್ ಹಚ್ಚಿದರು, ಅತ್ತಲಿಂದ ಬೇಡ ಅಂದರು. ಲ್ಯಾಬಿನವರ ದಿನದ ಬಾಡಿಗೆ ಓಡುತ್ತಿದೆ, ನಾವು ಅಂಗಳದಲ್ಲಿ ನಿಂತಿದ್ದೇವೆ. ಸಹಿ ಹಾಕಿದ ಪತ್ರದ ಫೋಟೋ ಕಳಿಸಿ, ವಕೀಲರಿಂದ ಮಾತಾಡಿಸಿ, ಸಂಜೆಯೊಳಗೆ ಮೊದಲಿನ ಹಾಗೆ ಕೂರಿಸಿ ಕೊಡ್ತೇವೆ ಅಂತ ಮತ್ತೆ ಬರೆದುಕೊಟ್ಟ ಮೇಲೆ ಮಧ್ಯಾಹ್ನ ಒಪ್ಪಿದರು. ಆ ಪತ್ರ ಇಲ್ಲದಿದ್ದರೆ ವಾಪಸ್ ಬರಬೇಕಿತ್ತು. ಪತ್ರದ ಪ್ರತಿಯೊಂದು ನಿಮ್ಮ ಕೈಯಲ್ಲೇ ಇರಲಿ, ವಕೀಲರ ಆಫೀಸಿನಲ್ಲಿ ಇದ್ದರೆ ಸಾಲದು.

ಸೀಲಿಂಗ್ ಬಿಚ್ಚಿದ ಮೇಲೆ ಯಂತ್ರದ ಅವಶ್ಯಕತೆಯೇ ಇರಲಿಲ್ಲ ಅನ್ನಬಹುದು. ಎಂಜಿನಿಯರ್ ಸಣ್ಣ ಸುತ್ತಿಗೆ ಹಿಡಿದು ಸ್ಲ್ಯಾಬಿನ ಅಡಿ ಬಡಿಯುತ್ತಾ ಹೋದರು. ಟಣ್, ಟಣ್, ಟಣ್. ಸಿಟೌಟ್ ಕಡೆ ಬಂದಾಗ ಸಪ್ಪಳ ಬದಲಾಯಿತು. ಡಬ್, ಡಬ್. "ಕೇಳ್ರಿ, ಒಳಗ ಟೊಳ್ಳ ಆಗೇದ." ಸುತ್ತಿಗೆಯ ಚೂಪು ತುದಿ ಮೀಟಿದ್ದೇ ತಡ, ಅಂಗೈ ಅಗಲದ ಕಾಂಕ್ರೀಟ್ ಹಪ್ಪಳ ಮುರಿದ ಹಾಗೆ ಕಳಚಿ ಬಿತ್ತು. ಹಿಂದೆ ಸರಳು. ಅದರ ಮೈಯಿಂದ ತುಕ್ಕು ಪದರ ಪದರವಾಗಿ ಎದ್ದಿತ್ತು. ಉಗುರಿನಿಂದ ಕೆರೆದರೆ ಉದುರುತ್ತಿತ್ತು. ಕಬ್ಬಿಣ ತುಕ್ಕು ಹಿಡಿದಾಗ ಮೊದಲಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದಂತೆ. ಆ ಒತ್ತಡಕ್ಕೇ ಕಾಂಕ್ರೀಟ್ ಒಳಗಿಂದ ಸೀಳುವುದು.

ಮುಂದಿನ ಪರೀಕ್ಷೆಗಳನ್ನು ಚುಟುಕಾಗಿ ಹೇಳುತ್ತೇನೆ, ಯಾಕೆಂದರೆ ಕೊಟೇಶನ್‌ನಲ್ಲಿ ಇವೇ ಹೆಸರು ಬರುತ್ತವೆ. ಕವರ್ ಮೀಟರ್ ಅನ್ನೋದು ಸರಳಿನ ಮೇಲೆ ಎಷ್ಟು ದಪ್ಪ ಕಾಂಕ್ರೀಟ್ ಇದೆ ಅಂತ ತೋರಿಸುತ್ತದೆ. ನಮ್ಮಲ್ಲಿ ಹೆಚ್ಚು ಕಡೆ 15ರಿಂದ 20 ಮಿಲಿಮೀಟರ್ ಬಂತು. ಐಎಸ್ 456ರ 2000ದ ಆವೃತ್ತಿ ಕಡಲ ಗಾಳಿಗೆ ಮೈಯೊಡ್ಡಿದ ಕಾಂಕ್ರೀಟಿಗೆ 45 ಕೇಳುತ್ತದೆ, ಗುಣಮಟ್ಟ ಕನಿಷ್ಠ ಎಂ30 (ಕಾಂಕ್ರೀಟಿನ ಗಟ್ಟಿತನದ ದರ್ಜೆ, ಸಂಖ್ಯೆ ಹೆಚ್ಚಿದಷ್ಟು ಗಟ್ಟಿ). ನಮ್ಮ ಕಡೆ ಮನೆಗಳಿಗೆ ಸಾಮಾನ್ಯವಾಗಿ ಎಂ20 ಹಾಕಿ ಮುಗಿಸುತ್ತಾರಲ್ಲ, ಅದು ಅಲ್ಲಿ ನಡೆಯುವುದಿಲ್ಲ. ಹಾಫ್ ಸೆಲ್ ಅನ್ನೋ ಪರೀಕ್ಷೆಯಲ್ಲಿ ಒಂದು ಸರಳಿಗೆ ವೈರು ಕಟ್ಟಿ, ಬಣ್ಣ ಕೆರೆದು ಒದ್ದೆ ಮಾಡಿದ ಮೈ ಮೇಲೆ ತಾಮ್ರದ ಸಲ್ಫೇಟ್ ತುಂಬಿದ ಕೊಳವೆ ಒತ್ತಿ ಮಿಲಿವೋಲ್ಟ್ ಓದುತ್ತಾರೆ. ಮೈನಸ್ 200ರ ತನಕ ಚಿಂತೆ ಕಡಿಮೆ. ಮೈನಸ್ 350 ದಾಟಿದರೆ ಅಲ್ಲಿ ತುಕ್ಕು ನಡೆಯುತ್ತಿರುವ ಸಾಧ್ಯತೆ 90%ಗಿಂತ ಜಾಸ್ತಿ. ಮುಂದಿನ ಬೀಮಿನಲ್ಲಿ ಓದಿದ್ದೆಲ್ಲ 350 ಆಚೆ. ಡ್ರಿಲ್ ಮಾಡಿದ ಪುಡಿಯನ್ನು ಕ್ಲೋರೈಡ್ ಪರೀಕ್ಷೆಗೆ ಹುಬ್ಬಳ್ಳಿಗೆ ತಂದರು. ಮಿತಿ ಒಂದು ಘನ ಮೀಟರಿಗೆ 0.6 ಕಿಲೋ, ನಮ್ಮ ಮುಂದಿನ ಬೀಮಿನದು ಅದರ ಎರಡರಷ್ಟಕ್ಕಿಂತ ಹೆಚ್ಚು.

ನನಗೆ ಮನಸ್ಸಿನಲ್ಲಿ ಉಳಿದಿದ್ದು ಬಣ್ಣದ ಪರೀಕ್ಷೆ. ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಫಿನಾಫ್ತಲೀನ್ ಸಿಂಪಡಿಸುತ್ತಾರೆ. ಕಾಂಕ್ರೀಟ್ ಆರೋಗ್ಯವಾಗಿದ್ದರೆ ಗಾಢ ಗುಲಾಬಿ. ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಹೊಕ್ಕು ಅದರ ಕ್ಷಾರ ಗುಣ ಹೋಗಿದ್ದರೆ ಬಣ್ಣವೇ ಬರುವುದಿಲ್ಲ. ಒಳಗಿನ ಕೋಣೆಯ ಕಾಲಮ್ ಒಡೆದ ಕಡೆ ಗುಲಾಬಿ ಚಿಮ್ಮಿತು. ಸಿಟೌಟ್ ಬೀಮಿಗೆ ಸಿಂಪಡಿಸಿ ಕಾದೆವು. ಹೊರಗಿನ ಎರಡು ಬೆರಳು ದಪ್ಪದ ತನಕ ಏನೂ ಇಲ್ಲ, ಬರೀ ಒದ್ದೆ ಬೂದು ಬಣ್ಣ. ನಮ್ಮ ಮನೆಯವರು ಅಲ್ಲಿಯ ತನಕ ಏನಾದರೂ ಮಾತಾಡುತ್ತಿದ್ದರು. ಆಮೇಲೆ ಹೋಗಿ ಬಾವಿ ಕಟ್ಟೆ ಮೇಲೆ ಕುಳಿತುಬಿಟ್ಟರು.

ಹಳೇ ಮನೆಯ ಕಥೆ ಬೇರೆ. ಹಂಚು ಹೊತ್ತ ಮರದ ಪಕಾಸುಗಳನ್ನು ಒಂದೊಂದಾಗಿ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿದರು. ಗೋಡೆಯೊಳಗೆ ಹೂತ ತುದಿಗಳಲ್ಲಿ ಎರಡನ್ನು ಗೆದ್ದಲು ತಿಂದಿತ್ತು. ಉಳಿದವು ಗಟ್ಟಿ. ಚಿರೆಕಲ್ಲಿನ ಗೋಡೆಯ ಬುಡದಲ್ಲಿ ಮಂಡಿ ಎತ್ತರದ ತನಕ ಉಪ್ಪು ಒಡೆದು ಗಿಲಾವು ಪುಡಿಯಾಗುತ್ತಿತ್ತು. ಮೊದಲಿದ್ದ ಸುಣ್ಣದ ಗಿಲಾವು ಕಿತ್ತು ಯಾರೋ ಸಿಮೆಂಟ್ ಮಾಡಿಸಿದ್ದರಿಂದ ಗೋಡೆಯ ತೇವ ಹೊರಬರಲಾಗದೆ ಒಳಗೇ ಉಳಿದಿತ್ತು. ಸಿಮೆಂಟ್ ಕಿತ್ತು ಮತ್ತೆ ಸುಣ್ಣ ಹಾಕಿದರೆ ಗೋಡೆ ತಾನೇ ಒಣಗುತ್ತದೆ ಅಂದರು. ನಾವು ಹುಬ್ಬಳ್ಳಿ ಕಡೆಯವರು ಗೋಡೆಯಲ್ಲಿ ಬಿರುಕು ಕಂಡರೆ ಎರೆಮಣ್ಣು ಉಬ್ಬಿ ಕುಗ್ಗಿ ಪಾಯ ಸರಿದಿದೆ ಅಂತ ಹೆದರುತ್ತೇವೆ. ಆ ಮನೆಯಲ್ಲಿ ಅಂಥ ಓರೆ ಬಿರುಕು ಒಂದೂ ಇರಲಿಲ್ಲ. ಕೆಡವಬೇಕು ಅಂದುಕೊಂಡ ಭಾಗ ನಿಲ್ಲುವಂಥದ್ದು, ಆಸೆಪಟ್ಟ ಭಾಗ ಬೀಳುವಂಥದ್ದು.

ವರದಿ ಬರಲು ಹೇಳಿದ್ದಕ್ಕಿಂತ ಜಾಸ್ತಿ ದಿನ ಹಿಡಿಯಿತು, ಲ್ಯಾಬಿನ ಫಲಿತಾಂಶ ತಡ. ಬಂದಾಗ ಇಂಗ್ಲಿಷಿನಲ್ಲಿ ದಪ್ಪ ಪುಸ್ತಕ. ಅರ್ಧ ಫೋಟೋ, ಕಾಲು ಭಾಗ "ಕಾಣದ ಭಾಗಕ್ಕೆ ನಾವು ಜವಾಬ್ದಾರರಲ್ಲ" ಅನ್ನೋ ಥರದ ಮಾತು. ಓದಿದರೆ ಎದೆ ಒಡೆಯುತ್ತದೆ, ಏನು ಮಾಡಬೇಕು ಅಂತ ಮಾತ್ರ ತಿಳಿಯುವುದಿಲ್ಲ. ಅದಕ್ಕೇ ಕುಳಿತು ವಿವರಿಸುವ ಮಾತು ಪತ್ರದಲ್ಲಿರಲಿ ಅಂದದ್ದು. ಹುಬ್ಬಳ್ಳಿಯ ಅವರ ಆಫೀಸಿನಲ್ಲಿ ನಾನು ಕೇಳಿದ್ದು ಒಂದೇ: ಈಗಲೇ ಮಾಡಬೇಕಾದ್ದು ಯಾವುದು, ವರ್ಷದೊಳಗೆ ಯಾವುದು, ನೋಡುತ್ತಾ ಇರಬೇಕಾದ್ದು ಯಾವುದು, ಒಂದೊಂದಕ್ಕೂ ಎಷ್ಟು ದುಡ್ಡು. ಅವರು ಪೆನ್ನು ಹಿಡಿದು ಒಂದೇ ಹಾಳೆಯಲ್ಲಿ ಬರೆದುಕೊಟ್ಟರು. ಆ ಹಾಳೆಯೇ ಮುಂದೆ ಎಲ್ಲ ಕಡೆ ಕೆಲಸಕ್ಕೆ ಬಂದದ್ದು. ಹಳೇ ಮನೆಗೆ ಮೂರು ಲಕ್ಷದ ಒಳಗೆ ಕೆಲಸ. ಮುಂದಿನ ಭಾಗವನ್ನು ಉಳಿಸಲು ಐದು ಲಕ್ಷ, ಅದೂ ಒಳಗೇ ಉಪ್ಪಿರುವುದರಿಂದ ಮತ್ತೆ ಮತ್ತೆ ಮಾಡಿಸುತ್ತಿರಬೇಕು. ಕೆಡವಿ ಹೊಸದು ಕಟ್ಟುವುದು ಲೇಸು ಅಂದರು.

ಹೊಸದು ಕಟ್ಟಲು ಬರುತ್ತದಾ? ಈ ಪ್ರಶ್ನೆ ನಮ್ಮನ್ನು ಕಾರವಾರಕ್ಕೆ ಕರೆದುಕೊಂಡು ಹೋಯಿತು. ಕರಾವಳಿಯಲ್ಲಿ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಂತ ನಿಯಮ ಇದೆ. ಮೊದಲ ಅಧಿಸೂಚನೆ 1991ರ ಫೆಬ್ರವರಿಯದು, ಆಮೇಲೆ 2011, ಈಗಿನದು 2019ರದು. ಜನ ಜಾಸ್ತಿ ಇಲ್ಲದ ಹಳ್ಳಿ ಪ್ರದೇಶದಲ್ಲಿ ಭರತದ ಗೆರೆಯಿಂದ (ಭರತದಲ್ಲಿ ಸಮುದ್ರದ ನೀರು ಏರಿ ಮುಟ್ಟುವ ಗೆರೆ) 200 ಮೀಟರ್ ತನಕ ಹೊಸ ಕಟ್ಟಡಕ್ಕೆ ಅವಕಾಶ ಇಲ್ಲ. ಮೊದಲೇ ಇದ್ದ ಅಧಿಕೃತ ಕಟ್ಟಡವನ್ನು ಅದೇ ತಳ ಅಳತೆಯಲ್ಲಿ ದುರಸ್ತಿ ಮಾಡಬಹುದು, ಮತ್ತೆ ಕಟ್ಟಬಹುದು. ಅಲ್ಲಿಂದ 500 ಮೀಟರ್ ತನಕ ಬೇರೆ ಷರತ್ತು. ಮಾರುವವರು "ಸಮುದ್ರ 250 ಮೀಟರ್ ದೂರ" ಅನ್ನುತ್ತಿದ್ದರು, ಫೋನಿನ ಮ್ಯಾಪ್‌ನಲ್ಲಿ ನೀರಿನಿಂದ ಅಳೆದರೆ ಅಷ್ಟೇ ಬರುತ್ತಿತ್ತು. ಆದರೆ ಲೆಕ್ಕ ನೀರಿನಿಂದ ಅಲ್ಲ. ಸರ್ಕಾರದ ನಕ್ಷೆಯಲ್ಲಿ ಗುರುತು ಮಾಡಿದ ಭರತದ ಗೆರೆಯಿಂದ. ಪರಿಸರ ಇಲಾಖೆಯ ಕಚೇರಿಯಲ್ಲಿ ನಮ್ಮ ಸರ್ವೆ ನಂಬರ್ ಇಟ್ಟು ನಕ್ಷೆ ನೋಡಿದಾಗ ಮನೆ ಪೂರ್ತಿ 200 ಮೀಟರ್ ಒಳಗೇ ಬಂತು.

ಈಗ ಎಲ್ಲ ಆ "ಅಧಿಕೃತ" ಅನ್ನೋದರ ಮೇಲೆ ನಿಂತಿತು. ಪಂಚಾಯಿತಿಯ ಹಳೇ ಕರ ಪಟ್ಟಿ ಕೇಳಿದೆವು. ಇವತ್ತು ಬನ್ನಿ ನಾಳೆ ಬನ್ನಿ ಅಂತಲೇ ಆಯಿತು. ಧಾರವಾಡದಿಂದ ಎಷ್ಟು ಸಲ ಘಟ್ಟ ಇಳಿಯುವುದು? ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆವು. ಕಾನೂನಿನ ಪ್ರಕಾರ 30 ದಿನದಲ್ಲಿ ಉತ್ತರ ಕೊಡಬೇಕು, ಕೊಟ್ಟರು. ಹಂಚಿನ ಮನೆ 1991ಕ್ಕಿಂತ ಮುಂಚಿನ ಪಟ್ಟಿಯಲ್ಲೇ ಇತ್ತು. 1996ರ ಆರ್‌ಸಿಸಿ ಭಾಗಕ್ಕೆ ಅನುಮತಿಯ ಕಾಗದವೇ ಇರಲಿಲ್ಲ. ಕೆಡವಿದರೆ ಮತ್ತೆ ಕಟ್ಟುವ ಹಾಗಿಲ್ಲ.

ಬೇರೆ ಕಾಗದಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ವಕೀಲರ ಕೆಲಸ. ಬಿನ್‌ಶೇತ್ಕಿ (ಕೃಷಿಯೇತರ ಬಳಕೆಯ) ಆದೇಶ, ಪಂಚಾಯಿತಿ ಆಸ್ತಿ ದಾಖಲೆಯ ಇ-ಸ್ವತ್ತಿನ ನಮೂನೆ 9 ಮತ್ತು 11, ಋಣಭಾರ ಪತ್ರ. ಋಣಭಾರ ಪತ್ರ 2004ರಿಂದ ಈಚೆಗಿನದು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ, ಹಿಂದಿನದಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಗೇ ಹೋಗಬೇಕು. ಬರೀ ಒಂದು ಕೆಲಸ ಮಾಡಿ: ಎಂಜಿನಿಯರ್ ಅಳತೆ ಹಾಕಿದ ನಕ್ಷೆಯನ್ನು ನಮೂನೆಯಲ್ಲಿರುವ ಕಟ್ಟಡದ ಅಳತೆ ಪಕ್ಕ ಇಟ್ಟು ನೋಡಿ. ನಮ್ಮಲ್ಲಿ ತಾಳೆಯಾಗದೆ ಉಳಿದದ್ದು ಸರಿಯಾಗಿ ಸಿಟೌಟ್ ಭಾಗದಷ್ಟೇ ಚದರಡಿ.

ಮನೆಯಲ್ಲಿ ಎರಡು ಪಕ್ಷ ಆಯಿತು. ಪುಣೆಯಲ್ಲಿರುವ ಮಗ ಬಿಟ್ಟುಬಿಡಿ ಅಂದ. ಕಾಕಾ ಈಗ ಜೋರಾಗಿ ಅವನ ಪಕ್ಷ. ನಮ್ಮ ಮನೆಯವರು ಒಂದು ವಾರ ಆ ಮಾತೇ ಎತ್ತಲಿಲ್ಲ. ಆಮೇಲೆ ಒಂದು ದಿನ ಬೆಳಿಗ್ಗೆ ಆ ಒಂದು ಹಾಳೆ ತೆಗೆದು, "ಸಿಟೌಟ್ ಇಲ್ಲದೇ ಬರೇ ಹಳೀ ಮನಿ ಅಂತ ಲೆಕ್ಕಾ ಹಾಕಿದ್ರ ಎಷ್ಟಕ್ಕ ತಗೋಬಹುದು?" ಅಂತ ಕೇಳಿದರು. ಅಲ್ಲಿಂದ ಚೌಕಾಶಿ ಶುರು. ನಾವು ಬೆಲೆ ಇಳಿಸಿ ಅಂತ ಕೇಳಲಿಲ್ಲ. ಇಲ್ಲದ ಭಾಗಕ್ಕೆ ದುಡ್ಡು ಕೊಡುವುದಿಲ್ಲ ಅಂದೆವು, ಹಾಳೆ ಕಳಿಸಿದೆವು. ಬೇರೆ ಯಾರೇ ಬಂದರೂ ಇದೇ ಕಾಗದ, ಇದೇ ಸ್ಲ್ಯಾಬ್ ನೋಡುತ್ತಾರೆ ಅಂತ ತಮ್ಮನಿಗೆ ಅರ್ಥವಾಯಿತು, ಅಣ್ಣನಿಗೆ ತಡವಾಗಿ. 58 ಲಕ್ಷ 49ಕ್ಕೆ ನಿಂತಿತು. ಬ್ಯಾಂಕಿನವರು ಕೂಡ ಹಂಚಿನ ಮನೆ ಮತ್ತು ಜಾಗಕ್ಕೆ ಮಾತ್ರ ಬೆಲೆ ಕಟ್ಟಿ, ಕಟ್ಟಡದ ಉಳಿದ ಆಯುಷ್ಯದ ಬಗ್ಗೆ ಎಂಜಿನಿಯರ್ ಪತ್ರ ಕೇಳಿದರು. ಅದು ಕೈಯಲ್ಲೇ ಇತ್ತು. ಸಾಲ ನಾವು ಅಂದುಕೊಂಡಿದ್ದಕ್ಕಿಂತ ಕಡಿಮೆ ಬಂತು, ಮನೆಯವರ ನಿವೃತ್ತಿ ಹಣಕ್ಕೆ ಕೈ ಹಾಕಬೇಕಾಯಿತು.

ಖರ್ಚಿನ ಲೆಕ್ಕ ಎಲ್ಲರೂ ಕೇಳುತ್ತಾರೆ. ಎಂಜಿನಿಯರ್ ಫೀಸು ಮಳೆಯ ಭೇಟಿ ಸೇರಿ 18,000. ಲ್ಯಾಬಿನ ಪರೀಕ್ಷೆ 22,000. ಇವೆರಡರ ಮೇಲೆ ಜಿಎಸ್‌ಟಿ. ಗೌಂಡಿ, ಏಣಿ, ಸೀಲಿಂಗ್ ಮತ್ತೆ ಕೂರಿಸಿದ್ದು 4,000. ನೀರಿನ ಪರೀಕ್ಷೆ ಎರಡು ಸಲ, ಮೂರು ಸಾವಿರದ ಹತ್ತಿರ. ಓಡಾಟ, ಊಟ, ಲಾಡ್ಜ್ ಬೇರೆ. ಇದರ ಜೊತೆ ಯಾರೂ ಎಣಿಸದ ಒಂದು ಖರ್ಚು ಕಾದಿದ್ದರಿಂದ ಬಂತು. 2025ರ ಆಗಸ್ಟ್ 31ರಿಂದ ಕರ್ನಾಟಕದಲ್ಲಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು. ಬೇಸಿಗೆಯಲ್ಲೇ ಮುಗಿಸಿದ್ದರೆ ಸುಮಾರು ಐವತ್ತು ಸಾವಿರ ಉಳಿಯುತ್ತಿತ್ತು ಅಂತ ಕಾಕಾ ಇನ್ನೂ ಎತ್ತಿ ಆಡುತ್ತಾರೆ. ಬೇಸಿಗೆಯಲ್ಲೇ ಮುಗಿಸಿದ್ದರೆ ಕೊಡುತ್ತಿದ್ದ 58 ಲಕ್ಷದ ಲೆಕ್ಕ ಮಾತ್ರ ಅವರು ಹಾಕುವುದಿಲ್ಲ.

ಈಗ ಮುಂದಿನ ಭಾಗ ಕೆಡವುವ ಕೆಲಸ ನಡೆದಿದೆ. ಹಳೇ ಗೋಡೆಗೆ ಏಟು ಬೀಳದಂತೆ ಮೊದಲು ಎರಡನ್ನೂ ಸೇರಿಸಿದ ಜಾಗದಲ್ಲಿ ಕಟರ್‌ನಿಂದ ಸೀಳಿ, ಆಮೇಲೆ ಮೇಲಿನಿಂದ ಕೆಳಗೆ ಬಿಡಿಸಬೇಕು ಅಂತ ಎಂಜಿನಿಯರ್ ಹೇಳಿದ್ದಾರೆ. ಅದೇ ಗೌಂಡಿ ಮಾಡುತ್ತಿದ್ದಾನೆ. ಸುಣ್ಣದ ಗಿಲಾವು ಮಾಡುವವರು ಕುಮಟಾದಿಂದ ಬರಬೇಕು, ದಿನ ಕೊಟ್ಟಿಲ್ಲ. ಮೇ ಮುಗಿಯುವುದರೊಳಗೆ ಹಂಚು ಕೈಯಾಡಿಸಿ ಪಕಾಸು ಬದಲಾಯಿಸಬೇಕು, ಇಲ್ಲದಿದ್ದರೆ ಇನ್ನೊಂದು ಮಳೆಗಾಲ ಹೋಗುತ್ತದೆ. ಇ-ಸ್ವತ್ತಿನಲ್ಲಿ ನಮ್ಮ ಹೆಸರು ಏರುವುದು ಇನ್ನೂ ಬಾಕಿ.